ಭಾಷಣಕ್ಕೆ ಬಹುಮಾನ, ಮಾತಿಗೆ ಮಾಫಿ ಪತ್ರ

ನನ್ನ ಅಕ್ಕನ ಮಗಳ ಹತ್ತಿರ ಎರಡು ಕಾಗದಗಳಿವೆ. ಒಂದು, ಶಾಲೆ ಅವಳಿಗೆ ಕೊಟ್ಟದ್ದು. ನವೆಂಬರ್ 26ರಂದು, ಸಂವಿಧಾನ ದಿನದ ಭಾಷಣ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ ಬಂದದ್ದಕ್ಕೆ ಪ್ರಶಸ್ತಿ ಪತ್ರ. ವಿಷಯ: ಸಂವಿಧಾನ ಮತ್ತು ನಮ್ಮ ಮೂಲಭೂತ ಹಕ್ಕುಗಳು. ಇನ್ನೊಂದು, ಅವಳು ಶಾಲೆಗೆ ಬರೆದುಕೊಟ್ಟದ್ದರ ಜೆರಾಕ್ಸ್. ಅದು ಕ್ಷಮಾಪಣೆ ಪತ್ರ. ಎರಡರ ನಡುವೆ ಮೂರು ತಿಂಗಳೂ ಕಳೆದಿಲ್ಲ.

ನಡೆದದ್ದು ಇಷ್ಟು. ಶಾಲೆಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಯಾವಾಗಲೂ ಕೀಲಿ. ಒಂಬತ್ತನೇ ಕ್ಲಾಸಿನ ಈ ಹುಡುಗಿ ಒಂದು ದಿನ ಸಂಜೆ ಮನೆಗೆ ಬಂದು, ಅವ್ವನ ಫೋನು ತಗೊಂಡು ವಾಪಸ್ ಹೋಗಿ, ಕೀಲಿ ಜಡಿದ ಬಾಗಿಲಿನ ಫೋಟೋ ತೆಗೆದು, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಕೆಳಗೆ ಎರಡು ಸಾಲು. ಮೊದಲ ಸಾಲು: 'ನಮ್ಮ ಸಾಲ್ಯಾಗ ಹುಡಿಗ್ಯಾರು ನೀರು ಕುಡಿಯಂಗಿಲ್ಲ, ಯಾಕಂದ್ರ ಇದು ತೆರಿಯಂಗಿಲ್ಲ.' ಎರಡನೆಯದು: 'ರೊಕ್ಕ ಯಾರು ತಿಂದ್ರು ಎಲ್ಲಾರಿಗೂ ಗೊತ್ತದ.' ಮರುದಿನ ಅಕ್ಕ-ಭಾವನಿಗೆ ಕರೆ ಬಂತು. ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ, 'ಸಾಲಿ ಮರ್ಯಾದಿ ಕಳೆದಿ' ಅಂದರು. ಟಿಸಿ ಕೊಡ್ತೀವಿ ಅಂದರು. ಭಾವ ಕೈ ಮುಗಿದ. ಹುಡುಗಿ ಪತ್ರ ಬರೆದಳು. ಅಕ್ಷರ ಮುತ್ತಿನ ಹಾಗಿದೆ. ಭಾಷಣ ಬರೆದದ್ದೂ ಅದೇ ಅಕ್ಷರದಲ್ಲೇ.

ಶಾಲೆಯ ಹೆಸರು ಬೇಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಈ ನಾಲ್ಕು ತಾಲ್ಲೂಕಿನವರು ಓದುತ್ತಿದ್ದರೆ ನಿಮ್ಮ ನಿಮ್ಮ ಶಾಲೆಯನ್ನೇ ನೆನಪು ಮಾಡಿಕೊಳ್ಳಿ. ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಓದಿದವರೂ ನೆನಪು ಮಾಡಿಕೊಳ್ಳಬಹುದು. ಅಲ್ಲಿ ಟಿಸಿ ಬದಲು 'ಕೌನ್ಸೆಲಿಂಗ್' ಅಂತಾರೆ, ಅಷ್ಟೇ.

ನನ್ನ ತಕರಾರು ಆ ಹೆಡ್‌ಮಾಸ್ತರರ ಮೇಲಲ್ಲ. ಅವರೊಬ್ಬರು ಹೋದರೆ ಇನ್ನೊಬ್ಬರು ಬರ್ತಾರೆ, ಅವರೂ ಅದನ್ನೇ ಮಾಡ್ತಾರೆ. ತಕರಾರು ಇರೋದು ನಾವು ಸಂವಿಧಾನ ಕಲಿಸುವ ರೀತಿಯ ಮೇಲೆ. ನಾವು ಮಕ್ಕಳಿಗೆ ವಾಕ್ ಸ್ವಾತಂತ್ರ್ಯವನ್ನು ಬಾಯಿಪಾಠ ಮಾಡಿಸ್ತೀವಿ. 2023ರ ಸೆಪ್ಟೆಂಬರಿನಿಂದ ಕರ್ನಾಟಕದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುವ ಕ್ರಮ ಬಂದಿದೆ. ಒಳ್ಳೆಯದೇ. ಆದರೆ ಈಜು ಕಲಿಯುವವನಿಗೆ ದಿನಾ ಬೆಳಿಗ್ಗೆ ಬಾವಿಯ ವರ್ಣನೆ ಓದಿಸಿದರೆ ಈಜು ಬರ್ತದಾ? ಕಟ್ಟೆ ಮೇಲೆ ನಿಂತು ಹತ್ತು ವರ್ಷ ಓದಿದವನನ್ನು ಒಂದಿನ ನೂಕಿದರೆ ಅವನು ಮುಳುಗ್ತಾನೆ. ನನ್ನ ಸೊಸಿ ಮುಳುಗಿದ್ದು ಹಾಗೇ.

ಭಾಷಣ ಸ್ಪರ್ಧೆ ಅಂದರೆ ಏನು ಅಂತ ನಮಗೆಲ್ಲ ಗೊತ್ತು. ಮಾಸ್ತರರು ಬರೆದುಕೊಡ್ತಾರೆ. ಮನೆಯಲ್ಲಿ ಕನ್ನಡಿ ಮುಂದೆ ಉರು ಹೊಡೀತೀವಿ. 'ವೇದಿಕೆಯ ಮೇಲೆ ಆಸೀನರಾಗಿರುವ' ಅಂತ ಶುರು ಮಾಡಿ 'ಜೈ ಹಿಂದ್, ಜೈ ಕರ್ನಾಟಕ' ಅಂತ ಮುಗಿಸ್ತೀವಿ. ನಡುವೆ ಯಾರೂ ಎದ್ದು 'ಅದು ಹ್ಯಾಂಗ?' ಅಂತ ಕೇಳೋದಿಲ್ಲ. ಕೇಳಿದರೆ ಅದು ಗದ್ದಲ. ನಾನೂ ಎಂಟನೇ ಕ್ಲಾಸಿನಲ್ಲಿ ಒಂದು ಸ್ಟೀಲ್ ತಟ್ಟೆ ಗೆದ್ದಿದ್ದೆ. ಅದೇ ವರ್ಷ, ಸ್ಕಾಲರ್‌ಶಿಪ್ ದುಡ್ಡು ಯಾಕೆ ಅರ್ಧ ಬಂತು ಅಂತ ಕೇಳಿದ್ದಕ್ಕೆ 'ಶ್ಯಾಣ್ಯಾ ಆಗಬ್ಯಾಡ, ಸುಮ್ಕ ಕೂಡ್ರು' ಅನ್ನಿಸಿಕೊಂಡೆ. ಕೂತೆ. ಹದಿನೈದು ವರ್ಷ ಆಯ್ತು, ಈಗ ಬೆಂಗಳೂರಿನ ಆಫೀಸಿನ ಮೀಟಿಂಗಿನಲ್ಲಿ ಮ್ಯಾನೇಜರು 'ಎನಿ ಕ್ವೆಶ್ಚನ್ಸ್?' ಅಂದಾಗಲೂ ಸುಮ್ಮನೇ ಕೂತಿರ್ತೀನಿ. ಮೀಟಿಂಗ್ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಶುರು ಮಾಡ್ತೀನಿ. ನೀವೂ ಅಲ್ಲೇ ಸಿಗ್ತೀರಿ, ನನಗೆ ಗೊತ್ತು.

ವಯಸ್ಸು ಎಲ್ಲಿ ಬರೆದಿದೆ?

'ಮಕ್ಕಳಿಗೆ ಎಂಥ ಹಕ್ಕು, ಮೊದಲು ಓದಲಿ' ಅನ್ನುವವರಿಗೆ ಒಂದು ಕೆಲಸ ಕೊಡ್ತೀನಿ. ಸಂವಿಧಾನ ತೆರೆದು ನೋಡಿ. ವಯಸ್ಸು ಮುಖ್ಯ ಅನ್ನಿಸಿದ ಕಡೆ ಅದು ವಯಸ್ಸನ್ನು ಬರೆದೇ ಇದೆ. ಕಾರ್ಖಾನೆಯಲ್ಲಿ ದುಡಿಸಬಾರದ ವಯಸ್ಸು 14, ಅದು 24ನೇ ವಿಧಿ. ಉಚಿತ ಶಿಕ್ಷಣ 6ರಿಂದ 14, ಅದು 21ಎ. ಮತ ಹಾಕಲು 18, ಅದು 326. ವಾಕ್ ಸ್ವಾತಂತ್ರ್ಯದ 19ನೇ ವಿಧಿಗೆ ಬನ್ನಿ. 'ಎಲ್ಲ ನಾಗರಿಕರಿಗೂ' ಅಂತಿದೆ. ವಯಸ್ಸಿಲ್ಲ. ಮರೆತು ಬಿಟ್ಟದ್ದಲ್ಲ ಅದು. ಆ ವಿಧಿಗೆ ವಯಸ್ಸಿನ ಬೇಲಿ ಯಾರೂ ಹಾಕಿಲ್ಲ, ನಾವು ಸ್ಟಾಫ್ ರೂಮಿನಲ್ಲಿ ಕೂತು ಹಾಕಿಕೊಂಡದ್ದು.

ಇದು ನನ್ನ ತರ್ಕ ಮಾತ್ರವಲ್ಲ. 1985ರ ಜುಲೈಯಲ್ಲಿ ಕೇರಳದಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ಒಬ್ಬ ಹತ್ತನೇ ಕ್ಲಾಸು, ಒಬ್ಬಳು ಒಂಬತ್ತು, ಸಣ್ಣವಳು ಐದು. ತಪ್ಪು ಏನು? ರಾಷ್ಟ್ರಗೀತೆ ನಡೆಯುವಾಗ ಎದ್ದು ನಿಂತರು, ಆದರೆ ಹಾಡಲಿಲ್ಲ. ತಮ್ಮ ಧರ್ಮ ಒಪ್ಪೋದಿಲ್ಲ ಅಂದರು. ಕೇರಳ ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳ ಪರ ತೀರ್ಪು ಕೊಟ್ಟಿತು. ಬಿಜೋಯ್ ಇಮ್ಯಾನುಯೆಲ್ ಪ್ರಕರಣ ಅಂದರೆ ಅದೇ. ಸುಮ್ಮನಿರುವುದೂ ವಾಕ್ ಸ್ವಾತಂತ್ರ್ಯದೊಳಗೆ ಬರ್ತದೆ, ಅದು ಶಾಲೆಯ ಮಕ್ಕಳಿಗೂ ಅನ್ವಯಿಸ್ತದೆ ಅನ್ನೋದು ಅದರ ಸಾರ. ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದವರಲ್ಲಿ ಐದನೇ ಕ್ಲಾಸಿನ ಹುಡುಗಿಯೂ ಇದ್ದಳು. ನಮ್ಮ ಕಡೆಯ ಎಷ್ಟು ಮಾಸ್ತರರಿಗೆ ಈ ಕೇಸು ಗೊತ್ತು?

ಅಮೆರಿಕದಲ್ಲಿ ಇದಕ್ಕೂ ಮೊದಲು ನಡೆದದ್ದು ಮೇರಿ ಬೆತ್ ಟಿಂಕರ್ ಕೇಸು. 1965ರ ಡಿಸೆಂಬರಿನಲ್ಲಿ 13 ವರ್ಷದ ಹುಡುಗಿ ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದಳು. ಸಸ್ಪೆಂಡ್ ಮಾಡಿದರು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 7-2 ಬಹುಮತದಿಂದ ಹೇಳಿದ್ದು: ಪಾಠಕ್ಕೆ ನಿಜವಾಗಿ ಅಡ್ಡಿ ಆಗದಿದ್ದರೆ ಮಗುವಿನ ಅಭಿಪ್ರಾಯವನ್ನು ಶಾಲೆ ತಡೆಯುವಂತಿಲ್ಲ. ನನ್ನ ಸೊಸಿಯ ಸ್ಟೇಟಸ್ಸಿಗೆ ಇನ್ನೂ ಹತ್ತಿರದ್ದು ಬೇಕಾ? 2021ರ ಮಹನಾಯ್ ಪ್ರಕರಣ ಇದೆ. ರಜೆಯ ದಿನ, ಶಾಲೆಯ ಹೊರಗೆ, ಒಬ್ಬ ಹುಡುಗಿ ಸ್ನ್ಯಾಪ್‌ಚಾಟಿನಲ್ಲಿ ಶಾಲೆಗೆ ಬೈದು ಹಾಕಿದಳು. ಚಿಯರ್‌ಲೀಡಿಂಗ್ ತಂಡದಿಂದ ತೆಗೆದರು. ಕೋರ್ಟು 8-1ರಲ್ಲಿ ಅವಳ ಪರ ನಿಂತಿತು. ಶಾಲೆಯ ಬೆತ್ತ ಮನೆಯ ಫೋನಿನವರೆಗೆ ಅಷ್ಟು ಸುಲಭಕ್ಕೆ ಚಾಚಬಾರದು ಅಂತ.

ಅಲ್ಲಿಯ ಕಾನೂನು ಇಲ್ಲಿ ನಡೆಯೋದಿಲ್ಲ, ಸರಿ. ಆದರೆ ಅಲ್ಲಿಯ ಮಕ್ಕಳು ಆ ಕೇಸುಗಳನ್ನು ತರಗತಿಯಲ್ಲಿ ಆಡ್ತಾರೆ. ಒಬ್ಬಳು ಟಿಂಕರ್, ಒಬ್ಬ ಪ್ರಿನ್ಸಿಪಾಲ್, ಇಬ್ಬರು ವಕೀಲರು, ಮೂವರು ಜಡ್ಜ್. ಅಣಕು ವಿಚಾರಣೆ. ನಮ್ಮಲ್ಲಿ ಕಾನೂನು ಕಾಲೇಜಿನಲ್ಲಿ ಅಣಕು ನ್ಯಾಯಾಲಯ ಕಡ್ಡಾಯ. ವಕೀಲನಾಗುವವನಿಗೆ ಕಡ್ಡಾಯ, ನಾಗರಿಕನಾಗುವವನಿಗೆ ಬೇಡ ಅನ್ನೋದು ಯಾವ ನ್ಯಾಯ?

ಬೀದರಿನಿಂದ ಇಂಡಿಯವರೆಗೆ

ಮಕ್ಕಳು ಶಾಲೆಯಲ್ಲಿ ಆಡಿದ್ದು ನಿಜವಾದ ಕೋರ್ಟಿಗೆ ಹೋದ ಕತೆ ನಮ್ಮಲ್ಲೂ ಇದೆ, ಉಲ್ಟಾ ದಾರಿಯಲ್ಲಿ. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ಅದರಲ್ಲಿ ಪ್ರಧಾನಿಗೆ ಚಪ್ಪಲಿ ತೋರಿಸುವ ಮಾತಿತ್ತು ಅಂತ ದೂರು. ರಾಜದ್ರೋಹದ ಕೇಸು ಬಿತ್ತು. ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ಹುಡುಗಿಯ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಮಾಡಿದರು. ಸಮವಸ್ತ್ರ ಹಾಕಿ, ಆಯುಧ ಇಟ್ಟುಕೊಂಡು ಮಕ್ಕಳನ್ನು ಪ್ರಶ್ನಿಸಿದ್ದು ತಪ್ಪು ಅಂತ 2021ರಲ್ಲಿ ಹೈಕೋರ್ಟು ಹೇಳಿತು. 2023ರ ಜೂನಿನಲ್ಲಿ ಕಲಬುರಗಿ ಪೀಠ ಕೇಸನ್ನೇ ರದ್ದು ಮಾಡಿತು. ನಮ್ಮ ಜಿಲ್ಲೆಯ ಕೇಸುಗಳೂ ಹೋಗೋದು ಅದೇ ಪೀಠಕ್ಕೆ.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಸರ್ಕಾರದ ನೀತಿಯ ಟೀಕೆಯಿಂದ ಶಾಲೆಗಳು ಮಕ್ಕಳನ್ನು ದೂರ ಇಡಬೇಕು, ಓದಿಗೆ ಆಸಕ್ತಿ ಬೆಳೆಸುವ ವಿಷಯಗಳ ನಾಟಕ ಆಡಿಸಿದರೆ ಒಳ್ಳೆಯದು ಅನ್ನುವ ಅರ್ಥದ ಸಲಹೆ. ನ್ಯಾಯಾಲಯದ ಬಗ್ಗೆ ಗೌರವ ಇಟ್ಟುಕೊಂಡೇ ನಾನು ಇದನ್ನು ಒಪ್ಪೋದಿಲ್ಲ. ದೂರ ಇಡೋದು ಹೇಗೆ? ಹುಡುಗಿಯ ಶೌಚಾಲಯದ ಕೀಲಿ ಸರ್ಕಾರದ ನೀತಿ. ಅವಳ ಬಸ್ ಪಾಸು ಸರ್ಕಾರದ ನೀತಿ. ಬಿಸಿಯೂಟದ ಮೊಟ್ಟೆ ಸರ್ಕಾರದ ನೀತಿ. ಅವಳು ಬೆಳಿಗ್ಗೆ ಎದ್ದು ರಾತ್ರಿ ಮಲಗುವ ತನಕ ನೀತಿಯೊಳಗೇ ಇರ್ತಾಳೆ. ದೂರ ಇಟ್ಟರೆ ಅವಳು ನೀತಿಯಿಂದ ದೂರ ಆಗೋದಿಲ್ಲ, ಆಡುವ ಮಾತನ್ನು ತೂಗಿ ಆಡುವ ಅಭ್ಯಾಸದಿಂದ ದೂರ ಆಗ್ತಾಳೆ. ಬೀದರಿನ ಆ ಮಕ್ಕಳ ನಾಟಕದ ಜಾಗದಲ್ಲಿ ಒಂದು ವಿಚಾರಣೆ ಇದ್ದಿದ್ದರೆ? ಕಾಯ್ದೆಯ ಪರ ಮೂವರು, ವಿರುದ್ಧ ಮೂವರು? ಚಪ್ಪಲಿಯ ಮಾತು ಬಂದ ಕೂಡಲೇ ಎದುರು ಪಕ್ಷದ ಹುಡುಗಿಯೇ ಎದ್ದು 'ಇದು ವಾದ ಅಲ್ಲ, ಬೈಗುಳ' ಅಂತಿದ್ದಳು. ತಿದ್ದುವ ಕೆಲಸ ಹತ್ತು ಹನ್ನೊಂದರ ವಯಸ್ಸಿನಲ್ಲಿ ಅಲ್ಲೇ ಮುಗೀತಿತ್ತು, ಪೊಲೀಸ್ ಠಾಣೆಗೆ ಹೋಗುತ್ತಿರಲಿಲ್ಲ.

ಇನ್ನು ನಮ್ಮ ಇಂಡಿ. 2022ರ ಫೆಬ್ರವರಿ ನೆನಪಿದೆಯಲ್ಲ? ಉಡುಪಿಯಲ್ಲಿ ಶುರುವಾದ ಹಿಜಾಬ್ ಗಲಾಟೆ ಇಡೀ ರಾಜ್ಯಕ್ಕೆ ಹಬ್ಬಿತು. ಇಂಡಿಯ ಕಾಲೇಜುಗಳಿಗೂ ಹುಡುಗರು ಕೇಸರಿ ಶಾಲು ಹಾಕಿಕೊಂಡು ಬಂದರು. ಅದೇ ತಿಂಗಳು ಅದೇ ಇಂಡಿಯಲ್ಲಿ ಹಣೆಗೆ ಕುಂಕುಮ ಹಚ್ಚಿಕೊಂಡು ಬಂದ ವಿದ್ಯಾರ್ಥಿಯನ್ನು ಕಾಲೇಜಿನ ಬಾಗಿಲಲ್ಲಿ ತಡೆದ ಸುದ್ದಿಯೂ ಬಂತು. ಹಿಜಾಬು, ಶಾಲು, ಕುಂಕುಮ: ಮೂರರಲ್ಲೂ ಇದ್ದ ಪ್ರಶ್ನೆ ಒಂದೇ. ಮೈಮೇಲೆ ತೊಟ್ಟದ್ದು ಮಾತಾ? ಅದನ್ನು ತಡೆಯುವ ಅಧಿಕಾರ ಶಾಲೆಗೆ ಎಷ್ಟಿದೆ? ಟಿಂಕರ್ ಹುಡುಗಿಯ ಕಪ್ಪು ಪಟ್ಟಿಯಲ್ಲೂ ಇದ್ದದ್ದು ಇದೇ. ಇಂಥ ಸಿವಿಕ್ಸ್ ಪಾಠ ದುಡ್ಡು ಕೊಟ್ಟರೂ ಸಿಗೋದಿಲ್ಲ. ನಾವು ಏನು ಮಾಡಿದೆವು? ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟೆವು. ಮಾತು ಅತ್ಯಂತ ಬೇಕಾಗಿದ್ದ ದಿನ ಬಾಗಿಲು ಹಾಕಿದೆವು. ಮಾರ್ಚಿನಲ್ಲಿ ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಇಬ್ಬರು ಬಲ್ಲವರೇ ಒಪ್ಪದ ಪ್ರಶ್ನೆಯನ್ನು ಹದಿನೇಳರ ಹುಡುಗರು ಘೋಷಣೆ ಕೂಗಿ ಬಗೆಹರಿಸಲು ಹೊರಟಿದ್ದರು. ಯಾಕಂದರೆ ಅವರಿಗೆ ಗೊತ್ತಿದ್ದದ್ದು ಎರಡೇ: ಬಾಯಿಪಾಠ ಮತ್ತು ಘೋಷಣೆ. ನಡುವಿನದು, ಅಂದರೆ ವಾದ, ಯಾರೂ ಕಲಿಸಿರಲಿಲ್ಲ.

ನಮ್ಮ ಮಣ್ಣಿಗೆ ಇದು ಹೊಸದಲ್ಲ

ಅಣಕು ವಿಚಾರಣೆ ಅಂದ ಕೂಡಲೇ 'ಇದು ಫಾರಿನ್ ಐಡಿಯಾ' ಅನ್ನುವವರಿದ್ದಾರೆ. ಅವರನ್ನು ಒಂದು ರಾತ್ರಿ ಗೀಗೀ ಪದ ಕೇಳಲು ಕೂರಿಸಬೇಕು. ಹರದೇಶಿ-ನಾಗೇಶಿ ಅಂದರೆ ಏನು? ಎರಡು ಮೇಳ. ಒಂದು ಗಂಡು ಹೆಚ್ಚು ಅಂತದೆ, ಇನ್ನೊಂದು ಹೆಣ್ಣು ಹೆಚ್ಚು ಅಂತದೆ. ಪ್ರಶ್ನೆ ಎಸೀತಾರೆ, ಉತ್ತರ ಕಟ್ಟುತ್ತಾರೆ, ಬೆಳ್ಳಂಬೆಳಗು. ಜನ ಎದುರಿಗೆ ಕೂತು ತೂಗ್ತಾರೆ. ಸೋತವರ ತಲೆ ಯಾರೂ ಒಡೆಯೋದಿಲ್ಲ. ಮುಂದಿನ ಜಾತ್ರೆಗೆ ಅದೇ ಎರಡು ಮೇಳ ಮತ್ತೆ ಬರ್ತವೆ. ಲಾವಣಿಯ ಖಾಜಾಭಾಯಿ ಹುಟ್ಟಿ ಹಾಡಿದ ಹಲಸಂಗಿ ಮೊನ್ನೆಮೊನ್ನೆಯ ತನಕ ಇಂಡಿ ತಾಲ್ಲೂಕಿನಲ್ಲೇ ಇತ್ತು, ಈಗ ಚಡಚಣಕ್ಕೆ ಸೇರಿದೆ. ಅದೇ ಊರಿನಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು ಸೇರಿ ಹಳ್ಳಿಯ ಹಾಡು ಕೂಡಿಹಾಕಿದರು. ಓದು ಬರೆಹ ಬಾರದವರು ಕಟ್ಟಿದ ವಾದವನ್ನು ಪುಸ್ತಕ ಮಾಡಿದ ನೆಲ ಇದು.

ಬಸವನ ಬಾಗೇವಾಡಿಯ ಬಗ್ಗೆ ನಾನು ಹೇಳಬೇಕಿಲ್ಲ. ಜನಿವಾರ ನನಗೆ ಬೇಡ ಅಂದು ಮನೆ ಬಿಟ್ಟ ಹುಡುಗನ ಕತೆ ನಮ್ಮಲ್ಲಿ ಪ್ರತಿ ಮಗುವಿಗೂ ಗೊತ್ತು. ಅಕ್ಕನಿಗೆ ಇಲ್ಲದ್ದು ನನಗೆ ಯಾಕೆ ಅಂತ ಅವನು ಕೇಳಿದ ಅಂತಲೇ ನಮ್ಮ ಹಿರಿಯರು ಹೇಳೋದು. ಆ ಕತೆಗೆ ಚಪ್ಪಾಳೆ ಹೊಡೀತೀವಿ, ಮೂರ್ತಿಗೆ ಹಾರ ಹಾಕ್ತೀವಿ. ಅದೇ ಪ್ರಶ್ನೆಯನ್ನು ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದರೆ ಟಿಸಿ ತೋರಿಸ್ತೀವಿ.

ಮಾತಿಗೆ ತೆತ್ತ ಬೆಲೆಯೂ ನಮ್ಮ ಮಣ್ಣಿಗೆ ಗೊತ್ತು. ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನವರು. 1989ರಲ್ಲಿ ತಾವು ಬರೆದದ್ದನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಅವರು ಬೌದ್ಧಿಕ ಆತ್ಮಹತ್ಯೆ ಅಂತ ಕರೆದುಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಗೇ ಬಂದು ಗುಂಡು ಹೊಡೆದರು. ಅವರ ಸಂಶೋಧನೆಯನ್ನು ಒಪ್ಪದವರು ಬಹಳ ಮಂದಿ ಇದ್ದರು, ಇರಲಿ. ಒಪ್ಪದವನು ಎದ್ದು ನಿಂತು 'ಇದಕ್ಕೆ ಆಧಾರ ತೋರಿಸಿ' ಅನ್ನುವುದನ್ನು ಚಿಕ್ಕಂದಿನಲ್ಲೇ ಕಲಿತ ಸಮಾಜದಲ್ಲಿ ಪಿಸ್ತೂಲು ಹಿಡಿಯುವ ಕೈಗೆ ಬೆಂಬಲ ಕಡಿಮೆ ಇರ್ತದೆ. ನನ್ನ ಈ ಇಡೀ ಲೇಖನ ಇದೊಂದು ನಂಬಿಕೆಯ ಮೇಲೆ ನಿಂತಿದೆ.

ಪಡಸಾಲೆಯ ಕೋರ್ಟು

ಏಪ್ರಿಲ್ ರಜೆಗೆ ಎಲ್ಲರೂ ಅವ್ವನ ಮನೆಗೆ ಸೇರಿದ್ದೆವು. ಹುಡುಗಿ ಮೊದಲಿನ ಹಾಗಿರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ. ನಾನು ಹೇಳಿದೆ, 'ನಿನ್ನ ಕೇಸು ಕೋರ್ಟಿಗೆ ಹಾಕೋಣು.' ಅವಳು ಗಾಬರಿಯಾದಳು. 'ಖರೇ ಕೋರ್ಟ್ ಅಲ್ಲಬೇ, ಪಡಸಾಲ್ಯಾಗಿನ ಕೋರ್ಟ್' ಅಂದೆ.

ಅಡ್ಡಹೆಸರು ಬೇಡ, ನಿಜವಾದ ಹೆಸರು ಬೇಡ ಅನ್ನೋದು ಮೊದಲ ನಿಯಮ. ಎರಡನೆಯದು, ಯಾರು ಯಾವ ಕಡೆ ಅನ್ನೋದನ್ನು ಚೀಟಿ ಎತ್ತಿ ತೀರ್ಮಾನ ಮಾಡೋದು. ಚೀಟಿ ಎತ್ತಿದಾಗ ನಮ್ಮ ಹುಡುಗಿಗೆ ಬಂದದ್ದು ಹೆಡ್‌ಮಾಸ್ತರರ ವಕೀಲಿಕೆ. ಸಿಟ್ಟು ಬಂತು. 'ನಾ ಒಲ್ಲೆ ಮಾಮಾ' ಅಂದಳು. ಅರ್ಧ ಗಂಟೆ ಬೇಕಾಯಿತು ಒಪ್ಪಿಸಲು. ತಮ್ಮನ ಮಗ, ಏಳನೇ ಕ್ಲಾಸು, ಹುಡುಗಿಯ ಪರ ವಕೀಲ. ಜಡ್ಜ್ ನನ್ನ ಅವ್ವ. ಅವಳು ಕಲಿತದ್ದು ನಾಲ್ಕನೇ ಇಯತ್ತೆ. ತಲೆ ಮೇಲೆ ಸೆರಗು ಸರಿಮಾಡಿಕೊಂಡು, ಎಲೆ-ಅಡಿಕೆ ಸಂಚಿ ಪಕ್ಕಕ್ಕಿಟ್ಟು ಕೂತಳು.

ಹೆಡ್‌ಮಾಸ್ತರರ ವಕೀಲೆ ಎದ್ದು ನಿಂತಳು. ಮೊದಲು ತೊದಲಿದಳು. ಆಮೇಲೆ ಶುರು ಮಾಡಿದಳು ನೋಡಿ: ಶೌಚಾಲಯಕ್ಕೆ ನೀರಿನ ಸಂಪರ್ಕ ಇಲ್ಲ. ಸ್ವಚ್ಛ ಮಾಡುವ ಹುದ್ದೆ ಖಾಲಿ ಇದೆ. ತೆರೆದಿಟ್ಟರೆ ರಾತ್ರಿ ಊರವರು ಬಂದು ಹಾಳು ಮಾಡ್ತಾರೆ. ಅದಕ್ಕೇ ಕೀಲಿ. ಇದೆಲ್ಲ ಅವಳಿಗೆ ಮೊದಲೂ ಗೊತ್ತಿತ್ತು, ಆದರೆ ಎದುರಿನವನ ಜಾಗದಲ್ಲಿ ನಿಂತು ಹೇಳಿದ್ದು ಅದೇ ಮೊದಲ ಸಲ. ಕೊನೆಗೆ ಹೇಳಿದಳು, 'ಮುಖ್ಯ ಅಂದ್ರ, ಸಾಲಿ ಮರ್ಯಾದಿ ಹೋತು.'

ಏಳನೇ ಕ್ಲಾಸಿನ ವಕೀಲ ಒಂದೇ ಪ್ರಶ್ನೆ ಕೇಳಿದ. 'ಫೋಟೋ ಸುಳ್ಳ ಏನು?'

'ಸುಳ್ಳಲ್ಲ.'

'ಮತ್ತ?'

ಅವ್ವ ನನ್ನ ಕಡೆ ತಿರುಗಿ, 'ಕಾಯ್ದೆದಾಗ ಏನದ, ಓದೋ' ಅಂದಳು. ನಾನು ಫೋನು ತೆಗೆದು 19ನೇ ವಿಧಿಯ ಎರಡನೇ ಉಪವಿಧಿ ಓದಿದೆ. ಮಾತನ್ನು ಸರ್ಕಾರ ಕಾನೂನು ಮಾಡಿ ತಡೆಯಬಹುದಾದ ಕಾರಣಗಳು ಎಂಟು. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ಅವ್ವ ಬೆರಳು ಮಡಚಿ ಎಣಿಸಿದಳು. 'ಇದರಾಗ ಹೆಡ್‌ಮಾಸ್ತರಗ ಸಿಟ್ಟ ಬರೂದು ಎಲ್ಲದ?' ಅಂದಳು. ಇಲ್ಲ. 'ಸಾಲಿ ಮರ್ಯಾದಿ?' ಅದೂ ಇಲ್ಲ. ಹತ್ತಿರ ಬರೋದು ಒಂದೇ, ಮಾನನಷ್ಟ.

ಅಲ್ಲಿ ಹೆಡ್‌ಮಾಸ್ತರರ ವಕೀಲೆಗೆ ದಾರಿ ಸಿಕ್ಕಿತು. ತನ್ನದೇ ಎರಡನೇ ಸಾಲನ್ನು ಎತ್ತಿ ಹಿಡಿದಳು. 'ರೊಕ್ಕ ತಿಂದಾರ ಅಂತ ಬರದಾಳ. ಆಧಾರ ಎಲ್ಲದ? ಪಂಚಾಯ್ತ್ಯಾಗ ಕೇಳ್ಯಾಳೇನು? ಕಾಗದ ನೋಡ್ಯಾಳೇನು?' ಕೇಳುತ್ತಾ ಕೇಳುತ್ತಾ ಅವಳ ದನಿ ಇಳಿಯಿತು. ಯಾಕಂದರೆ ಉತ್ತರ ಕೊಡಬೇಕಾದವಳೂ ಅವಳೇ. ಏಳನೇ ಕ್ಲಾಸಿನ ವಕೀಲ ತಲೆ ಕೆರೆದುಕೊಂಡ.

ತೀರ್ಪು ಹೀಗಿತ್ತು. ಫೋಟೋ ಹಾಕಿದ್ದು ತಪ್ಪಲ್ಲ, ಕಣ್ಣಿಗೆ ಕಂಡದ್ದು ಹೇಳಿದ್ದು ತಪ್ಪಲ್ಲ. ಮನೆಯಿಂದ ಹಾಕಿದ್ದಕ್ಕೆ ಶಾಲೆಯಲ್ಲಿ ನಿಲ್ಲಿಸಿ ಬೈದದ್ದು, ಟಿಸಿ ಕೊಡ್ತೀವಿ ಅಂದದ್ದು ತಪ್ಪು. ರೊಕ್ಕದ ಮಾತು ಆಧಾರ ಇಲ್ಲದೆ ಬರೆದದ್ದು ಹುಡುಗಿಯ ತಪ್ಪು, ಆ ಒಂದು ಸಾಲಿಗೆ ಮಾಫಿ ಕೇಳಬೇಕು, ಇಡೀ ಫೋಟೋಕ್ಕೆ ಅಲ್ಲ. ಆಮೇಲೆ ಅವ್ವ ಕಾನೂನಿನಲ್ಲಿಲ್ಲದ ಒಂದು ಪ್ರಶ್ನೆ ಸೇರಿಸಿದಳು: 'ಕೀಲಿಕೈ ಯಾರ ಕಡೆ ಇತ್ತು? ಮಾಸ್ತರ್ನ್ಯಾರು ಎಲ್ಲಿ ಹೋಗ್ತಿದ್ರು?' ಕೀಲಿಕೈ ಸ್ಟಾಫ್ ರೂಮಿನಲ್ಲಿತ್ತು. ಶಿಕ್ಷಕಿಯರು ಅದೇ ಶೌಚಾಲಯಕ್ಕೆ ಹೋಗ್ತಿದ್ದರು. ನೀರು ಇಲ್ಲ ಅನ್ನೋ ವಾದ ಅಲ್ಲಿಗೆ ಬಿದ್ದುಹೋಯಿತು. ನಾನು ಕಾಯ್ದೆ ಓದಿಕೊಂಡು ಬಂದವನು, ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ನಾಲ್ಕು ತಕರಾರು

ಮೊದಲ ತಕರಾರು: ಮಕ್ಕಳು ಬಾಯಿಬಡುಕರಾಗ್ತಾರೆ. ಆಗೋದಿಲ್ಲ. ಪಡಸಾಲೆಯ ಕೋರ್ಟು ಹುಡುಗಿಗೆ ಹೆಚ್ಚು ಮಾತಾಡಲು ಕಲಿಸಲಿಲ್ಲ, ಒಂದು ಸಾಲು ಕಡಿಮೆ ಬರೆಯಲು ಕಲಿಸಿತು. ಹಕ್ಕು ಗೊತ್ತಾದವನಿಗೇ ಅದರ ಅಂಚು ಗೊತ್ತಾಗೋದು. ಬೈಸಿಕೊಂಡು ಸುಮ್ಮನಾದವನಿಗೆ ಅಂಚು ಗೊತ್ತಿರೋದಿಲ್ಲ, ಭಯ ಮಾತ್ರ ಗೊತ್ತಿರ್ತದೆ. ಭಯ ಹೋದ ದಿನ ಅವನು ಫೇಕ್ ಅಕೌಂಟಿನಿಂದ ಯಾರಿಗೆ ಬೇಕಾದರೂ ಏನು ಬೇಕಾದರೂ ಬರೀತಾನೆ. ನಿಮ್ಮ ಟೈಮ್‌ಲೈನ್ ನೋಡಿಕೊಳ್ಳಿ.

ಎರಡನೆಯದು: ಮಾಸ್ತರರಿಗೆ ಪುರುಸೊತ್ತಿಲ್ಲ. ನಿಜ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಎಲ್ಲ ಅವರ ತಲೆ ಮೇಲೆ. ಆದರೆ ಭಾಷಣ ಸ್ಪರ್ಧೆಗೆ ಸಮಯ ಇದೆ. ಅದೇ ಸಮಯ ಸಾಕು. ವರ್ಷಕ್ಕೆ ನಾಲ್ಕು ಶನಿವಾರ. ಒಂದು ಪುಟದ ಸಂಗತಿ, ಎರಡು ಕಡೆಗೆ ಮೂರು ಮೂರು ಮಕ್ಕಳು, ಇಬ್ಬರು ಸಾಕ್ಷಿ, ಮೂವರು ಜಡ್ಜ್. ಜಡ್ಜ್ ಆದವರು ಕಾರಣ ಬರೆದೇ ತೀರ್ಪು ಕೊಡಬೇಕು. ಖರ್ಚು ಸೊನ್ನೆ. ಮಕ್ಕಳ ಮಾತಿಗೆ ಜಾಗ ಕೊಡಬೇಕು ಅಂತ ಸರ್ಕಾರವೇ ಒಪ್ಪಿದೆ; ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸುವ ಪದ್ಧತಿ ಕರ್ನಾಟಕದಲ್ಲಿ ವರ್ಷಗಳಿಂದ ಇದೆ. ಅಲ್ಲಿ ಎದ್ದು ನಿಲ್ಲುವ ಮಗುವಿಗೆ ಬರೆದುಕೊಟ್ಟ ಚೀಟಿಯ ಆಚೆಗೆ ಎರಡು ಮಾತು ಬರಬೇಕಾದರೆ ಈ ತಾಲೀಮು ಬೇಕು.

ಮೂರನೆಯದು: ಇದು ಬರೀ ನಾಟಕ, ಖರೇ ಜೀವನದಲ್ಲಿ ಹೆಡ್‌ಮಾಸ್ತರರೇ ಗೆಲ್ಲೋದು. ಈ ತಕರಾರಿಗೆ ತೂಕ ಇದೆ. ಪಡಸಾಲೆಯ ತೀರ್ಪು ಆ ಶಾಲೆಯ ಗೋಡೆಗೆ ತಾಗೋದಿಲ್ಲ. ಆದರೆ ಗರಡಿ ಮನೆಯಲ್ಲಿ ಮಣ್ಣು ಹಿಡಿಯದವನು ಜಾತ್ರೆಯ ಕುಸ್ತಿಗೆ ಇಳಿದರೆ ಏನಾಗ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ತಾಲೀಮು ಸುಳ್ಳು ಕುಸ್ತಿ ಅಲ್ಲ. ಅದಿಲ್ಲದೆ ಖರೇ ಕುಸ್ತಿ ಇಲ್ಲ.

ನಾಲ್ಕನೆಯದು ಯಾರೂ ಬಾಯಿಬಿಟ್ಟು ಹೇಳೋದಿಲ್ಲ: ವಿಷಯ ಸೂಕ್ಷ್ಮ ಆದರೆ ಯಾರಾದರೂ ವಿಡಿಯೋ ಮಾಡಿ ಹಾಕ್ತಾರೆ, ಬೀದರ್ ಆಗ್ತದೆ. ಈ ಹೆದರಿಕೆ ನಿಜ, ಇದನ್ನು ನಾನು ನಗೋದಿಲ್ಲ. ಅದಕ್ಕೇ ಮೊದಲ ವರ್ಷ ಕೋರ್ಟು ಮುಗಿಸಿದ ಹಳೆ ಕೇಸುಗಳನ್ನೇ ಆಡಿಸಿ. ಕೇರಳದ ಮೂವರು ಮಕ್ಕಳು ಸಾಕು. ಎರಡನೇ ವರ್ಷ ಕಪ್ಪು ಪಟ್ಟಿ. ಮೂರನೇ ವರ್ಷ ಇಂಡಿಯ ಕುಂಕುಮ ಮತ್ತು ಉಡುಪಿಯ ಹಿಜಾಬು ಎರಡನ್ನೂ ಒಟ್ಟಿಗೆ ತಗೊಳ್ಳಿ, ಚೀಟಿ ಎತ್ತಿಸಿ, ಕುಂಕುಮದ ಹುಡುಗ ಹಿಜಾಬಿನ ಪರ, ಹಿಜಾಬಿನ ಹುಡುಗಿ ಕುಂಕುಮದ ಪರ ವಾದ ಮಾಡಲಿ. ಅವರಿಬ್ಬರೂ ತಮ್ಮ ನಂಬಿಕೆ ಬಿಡಬೇಕಿಲ್ಲ. ಎದುರಿನವನ ಹೊಟ್ಟೆಯೊಳಗೆ ಏನಿದೆ ಅಂತ ಒಂದು ತಾಸು ನೋಡಿ ಬರಲಿ.

ಇದನ್ನು ಓದುತ್ತಿರುವ ನಿಮಗೆ

ನೀವು ಊರಿಗೆ ಏನಾದರೂ ಮಾಡಬೇಕು ಅಂದುಕೊಂಡವರು. ನನಗೆ ಗೊತ್ತು, ಯಾಕಂದರೆ ನಾವೆಲ್ಲ ಒಂದೇ ಗ್ರೂಪಿನಲ್ಲಿದ್ದೀವಿ. ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಿದೆವು. ಫೋಟೋ ಹಾಕಿದೆವು. ಹೋದ ಸಲ ಹೋದಾಗ ಅದರ ಮೇಲೆ ಬಟ್ಟೆ ಹೊದಿಸಿ ಊದುಬತ್ತಿ ಹಚ್ಚಿದ್ದರು. ಮುಂದಿನ ಸಲ ದುಡ್ಡು ಬೇಡ. ಮುದ್ದೇಬಿಹಾಳದ, ಸಿಂದಗಿಯ ನಿಮ್ಮ ಶಾಲೆಗೆ ಒಂದು ಶನಿವಾರ ಕೊಡಿ. ರಾತ್ರಿ ಸ್ಲೀಪರ್ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರ್ತೀರಿ. ಒಂದು ಕೇಸನ್ನು ಸರಳ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿಕೊಂಡು ಹೋಗಿ. ತಾಲ್ಲೂಕು ಕೋರ್ಟಿನಲ್ಲಿ ನಿಮ್ಮ ಕ್ಲಾಸ್‌ಮೇಟ್ ಒಬ್ಬ ವಕೀಲ ಇದ್ದೇ ಇರ್ತಾನೆ, ಅವನನ್ನು ಕರೀರಿ. ಕರಿ ಕೋಟು ಹಾಕಿಕೊಂಡೇ ಬರಲಿ, ಮಕ್ಕಳಿಗೆ ಖುಷಿ. ಜಡ್ಜ್ ಕುರ್ಚಿಗೆ ಮಾತ್ರ ಅವನನ್ನು ಕೂರಿಸಬೇಡಿ, ಮಕ್ಕಳನ್ನು ಕೂರಿಸಿ.

ಮತ್ತೆ, ಸೋಮವಾರ ಆಫೀಸಿನ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ. ಮಕ್ಕಳಿಗೆ ಹೇಳಿ ಬಂದವರು ನಾವು ಸುಮ್ಮನೆ ಕೂರಬಾರದಲ್ಲ.

ಹುಡುಗಿ ಜೂನಿನಲ್ಲಿ ಹತ್ತನೇ ಕ್ಲಾಸಿಗೆ ಹೋದಳು. ಹೋದ ವಾರ ಫೋನಿನಲ್ಲಿ ಹೇಳಿದಳು: ಆರು ಹುಡುಗಿಯರು ಸೇರಿ ಹೆಡ್‌ಮಾಸ್ತರರಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ನೀರಿನ ಸಂಪರ್ಕಕ್ಕೆ ಪಂಚಾಯಿತಿಗೆ ಬರೆಯಿರಿ, ಅಲ್ಲಿಯವರೆಗೆ ಕೀಲಿಕೈ ಕ್ಲಾಸ್ ಲೀಡರ್ ಕಡೆ ಇರಲಿ ಅಂತ. ರೊಕ್ಕದ ಮಾತಿಲ್ಲ. ಕೆಳಗೆ ಆರೂ ಮಂದಿಯ ಸಹಿ. ಒಂದು ಪ್ರತಿ ತಾವು ಇಟ್ಟುಕೊಂಡು, ಅದರ ಮೇಲೆ 'ಮುಟ್ಟಿತು' ಅಂತ ಸಹಿ ಹಾಕಿಸಿಕೊಂಡಿದ್ದಾರೆ.

'ಉತ್ತರ ಬಂತೇನು?' ಅಂದೆ.

'ಇನ್ನಾ ಬಂದಿಲ್ಲ ಮಾಮಾ. ಹದಿನೈದು ದಿನ ನೋಡ್ತೀವಿ. ಆಮೇಲೆ ಮಕ್ಕಳ ಗ್ರಾಮ ಸಭಾ ಅದಲ್ಲ.'

ಕ್ಷಮಾಪಣೆ ಪತ್ರದ ಪಕ್ಕದಲ್ಲೇ ಈ ಪ್ರತಿಯನ್ನೂ ಇಟ್ಟಿದ್ದಾಳಂತೆ. ಈಗ ಅವಳ ಹತ್ತಿರ ಮೂರು ಕಾಗದಗಳಿವೆ.